ಕೊನೆಯ ಫ್ರೇಮಿನ ಬೆಲೆ

ಕೋಲಾರದ ಚಿನ್ನದ ಗಣಿ ಮುಚ್ಚಿದಾಗ ಅದರೊಳಗೆ ಇನ್ನೂ ಚಿನ್ನವಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಮೇಲಿನ ಮೊದಲ ದಶಕಗಳಲ್ಲಿ ಒಂದು ಟನ್ ಅದಿರು ಅರೆದರೆ 40 ಗ್ರಾಂಗೂ ಮಿಕ್ಕಿ ಬಂಗಾರ ಸಿಗುತ್ತಿತ್ತಂತೆ. ಕೊನೆಕೊನೆಗೆ ಅದು ಮೂರು ನಾಲ್ಕು ಗ್ರಾಂಗೆ ಇಳಿಯಿತು. ಅಷ್ಟರಲ್ಲಿ ಚಾಂಪಿಯನ್ ರೀಫ್ ಗಣಿ ನೆಲದಿಂದ 3 ಕಿಲೋಮೀಟರಿಗೂ ಕೆಳಗೆ ಹೋಗಿತ್ತು. ಅಲ್ಲಿನ ಬಂಡೆ ಕೈಯಿಟ್ಟರೆ ಸುಡುತ್ತಿತ್ತು. ಕೆಲಸಗಾರರಿಗೆ ತಂಪು ಗಾಳಿ ಇಳಿಸಬೇಕು, ಒಸರುವ ನೀರು ಮೇಲೆತ್ತಬೇಕು, ಕುಸಿಯುವ ಗೋಡೆಗೆ ಆಸರೆ ಕೊಡಬೇಕು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಹೊತ್ತಿಗೆ ಒಂದು ಗ್ರಾಂ ತೆಗೆಯುವ ಖರ್ಚು ಆ ಗ್ರಾಂ ತರುವ ಬೆಲೆಯನ್ನು ಎಂದೋ ದಾಟಿತ್ತು.

ದುಬಾರಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕೇ ಎಂಬ ಪ್ರಶ್ನೆಗೂ ಈ ಜಿಲ್ಲೆಯ ಇದೇ ಲೆಕ್ಕವನ್ನು ಹಾಕಬೇಕು. ಕಾರ್ಡ್ ಎಷ್ಟು ಫಾಸ್ಟ್ ಎಂದು ಅಂಗಡಿಯವರು ಹೇಳುತ್ತಾರೆ, ಡಬ್ಬದ ಮೇಲೂ ಬರೆದಿರುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಕಾರ್ಡಿಗೂ ಇದಕ್ಕೂ ನನ್ನ ಕೆಲಸದಲ್ಲಿ ಬೀಳುವ ವ್ಯತ್ಯಾಸ ಎಷ್ಟು, ಆ ವ್ಯತ್ಯಾಸಕ್ಕೆ ನಾನು ಕೊಡುತ್ತಿರುವುದು ಎಷ್ಟು ಎಂಬುದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಅದನ್ನು ಕೊಳ್ಳುವವರೇ ಕೂತು ಲೆಕ್ಕ ಹಾಕಬೇಕು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಈ ಪ್ರಶ್ನೆ ಕೇಳುವವರು ಬೆಂಗಳೂರಿನವರಿಗಿಂತ ಸ್ವಲ್ಪ ಬೇರೆ. ಮದುವೆ ವಿಡಿಯೋ ಮಾಡುವ ಸ್ಟುಡಿಯೋದವರು ಕೇಳುತ್ತಾರೆ. ಎಐ ಕಲಿಯಬೇಕು, ಅದಕ್ಕೆ ಕಾರ್ಡ್ ಬೇಕು ಎಂದು ಇಂಜಿನಿಯರಿಂಗ್ ಓದುವ ಮಕ್ಕಳು ಮನೆಯಲ್ಲಿ ಮಾತು ತೆಗೆಯುತ್ತಾರೆ. ಟೊಮೇಟೊ ದುಡ್ಡು ಕೈಗೆ ಬಂದ ವರ್ಷ ಅಪ್ಪಂದಿರು ಅದನ್ನು ಕಿವಿಗೆ ಹಾಕಿಕೊಳ್ಳುವುದೂ ಉಂಟು. ಆಟ ಆಡುವುದಕ್ಕೇ ಬೇಕು ಎಂದು ನೇರವಾಗಿ ಒಪ್ಪಿಕೊಳ್ಳುವವರು ಕಡಿಮೆ. ಸಾಮಾನು ಬರುವುದು ಹೆಚ್ಚಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ, ಇಲ್ಲವೇ ಆನ್‌ಲೈನಿನಿಂದ. 2025ರ ಜನವರಿಯಲ್ಲಿ ಎನ್ವಿಡಿಯಾ ಆರ್‌ಟಿಎಕ್ಸ್ 5090 ಬಿಡುಗಡೆಯಾದಾಗ ಅದಕ್ಕೆ ಭಾರತದಲ್ಲಿ ಕಂಪನಿ ಇಟ್ಟ ಆರಂಭಿಕ ಬೆಲೆ 2,14,000 ರೂಪಾಯಿ. ಅದರ ಕೆಳಗಿನ 5080ಕ್ಕೆ 1,07,000. ಒಂದೇ ಒಂದು ಮೆಟ್ಟಿಲಿಗೆ ಒಂದು ಲಕ್ಷದ ಏಳು ಸಾವಿರ.

ಇಷ್ಟಕ್ಕೂ ಈ ಕಾರ್ಡ್ ಮಾಡುವುದೇನು? ಕೋಲಾರದ ಎಪಿಎಂಸಿಗೆ ಸೀಸನ್ನಿನಲ್ಲಿ ಒಂದು ಬೆಳಿಗ್ಗೆ ಹೋದವರಿಗೆ ಇದನ್ನು ಹೇಳುವುದು ಸುಲಭ. ಸಾವಿರಾರು ಬಾಕ್ಸ್ ಟೊಮೇಟೊ ಬಂದು ಬಿದ್ದಿರುತ್ತದೆ. ಕೊಳೆತದ್ದು ಆರಿಸಿ, ಗಾತ್ರ ನೋಡಿ ಬೇರೆ ಮಾಡಬೇಕು. ಒಬ್ಬ ಮಹಾ ಚುರುಕಿನ ಆಳು ಇದ್ದರೂ ಬಾಕ್ಸ್ ಮೇಲೆ ಬಾಕ್ಸ್ ಮುಗಿಸುವಷ್ಟರಲ್ಲಿ ಹರಾಜು ಮುಗಿದಿರುತ್ತದೆ. ಸಾಧಾರಣ ವೇಗದ ನೂರು ಜನ ಕೂತರೆ ಗಂಟೆಯೊಳಗೆ ಕೆಲಸ ಆಗುತ್ತದೆ, ಏಕೆಂದರೆ ಒಂದು ಬಾಕ್ಸಿನ ಕೆಲಸ ಇನ್ನೊಂದಕ್ಕಾಗಿ ಕಾಯಬೇಕಿಲ್ಲ. ಕಂಪ್ಯೂಟರಿನ ಸಿಪಿಯು ಆ ಒಬ್ಬ ಚುರುಕು ಆಳು. ಹೆಚ್ಚೆಂದರೆ ಹತ್ತಿಪ್ಪತ್ತು ಜನ. ಗ್ರಾಫಿಕ್ಸ್ ಕಾರ್ಡಿನ ಚಿಪ್ಪಿನಲ್ಲಿ ಸಾವಿರಾರು ಸಣ್ಣ ಕೆಲಸಗಾರರಿದ್ದಾರೆ. ಎನ್ವಿಡಿಯಾ ಚಿಪ್ಪಿನಲ್ಲಿ ಅವರು 32 ಜನರ ತಂಡಗಳಾಗಿ ಕೂರುತ್ತಾರೆ, ಮೇಸ್ತ್ರಿ ಒಮ್ಮೆ ಕೂಗಿದ್ದನ್ನು 32 ಮಂದಿಯೂ ಒಟ್ಟಿಗೆ ಮಾಡುತ್ತಾರೆ. ಪರದೆಯ ಮೇಲಿನ ಪ್ರತಿ ಚುಕ್ಕೆಯ ಬಣ್ಣ ಲೆಕ್ಕ ಹಾಕುವುದು ಇಂಥ ಕೆಲಸ. ಸಾಧಾರಣ ಫುಲ್ ಎಚ್‌ಡಿ ಪರದೆಯಲ್ಲಿ 1920 ಗುಣಿಸು 1080, ಅಂದರೆ 20 ಲಕ್ಷ 73 ಸಾವಿರದ 600 ಚುಕ್ಕೆಗಳಿವೆ. ಸೆಕೆಂಡಿಗೆ 60 ಚಿತ್ರವೆಂದರೆ 12 ಕೋಟಿಗೂ ಹೆಚ್ಚು ಚುಕ್ಕೆಗಳ ಲೆಕ್ಕ, ಒಂದೊಂದಕ್ಕೂ ನೂರಾರು ಗುಣಾಕಾರ. 4ಕೆ ಪರದೆಯಾದರೆ ಇದರ ನಾಲ್ಕು ಪಟ್ಟು.

ಕೆಲಸ ಹೀಗೆ ಹಂಚಿಕೊಳ್ಳಲು ಬರುವಂಥದ್ದಾದರೆ ಹೆಚ್ಚು ಕೆಲಸಗಾರರು ಹೆಚ್ಚು ವೇಗ. ಹಂಚಲು ಬಾರದಿದ್ದರೆ ಬಾಕಿಯವರು ಸುಮ್ಮನೆ ಕೂತಿರುತ್ತಾರೆ, ಕೂಲಿಯನ್ನಂತೂ ಮೊದಲೇ ಕೊಟ್ಟಾಗಿದೆ.

ಬೆಲೆ ಅಷ್ಟು ಕಡಿದಾಗಿ ಏರುವುದಕ್ಕೆ ಕಂಪನಿಯ ದುರಾಸೆಯೊಂದೇ ಕಾರಣವಲ್ಲ, ಅದರ ಹಿಂದೆ ಸ್ವಲ್ಪ ಭೌತವಿಜ್ಞಾನವೂ ಇದೆ. ಚಿಪ್ಪುಗಳನ್ನು 300 ಮಿಲಿಮೀಟರ್ ಅಗಲದ ಸಿಲಿಕಾನ್ ಬಿಲ್ಲೆಯ ಮೇಲೆ ತಯಾರಿಸಿ ಆಮೇಲೆ ಕತ್ತರಿಸುತ್ತಾರೆ. ನರಸಾಪುರದ ಕಾರ್ಖಾನೆಯಲ್ಲಿ ಜೋಡಣೆಯಾಗುವ ಐಫೋನಿನ ಮುಖ್ಯ ಚಿಪ್ಪು ಬರುವ ತೈವಾನಿನ ಟಿಎಸ್‌ಎಂಸಿಯಲ್ಲೇ ಈ ಕಾರ್ಡುಗಳ ಚಿಪ್ಪೂ ತಯಾರಾಗುತ್ತದೆ. 2022ರಲ್ಲಿ ಬಂದ ಆರ್‌ಟಿಎಕ್ಸ್ 4090ರ ಚಿಪ್ಪಿನ ವಿಸ್ತೀರ್ಣ ಸುಮಾರು 608 ಚದರ ಮಿಲಿಮೀಟರ್, ಅದೇ ಪೀಳಿಗೆಯ ಅಗ್ಗದ 4060ರದ್ದು ಸುಮಾರು 159. ಒಂದು ಬಿಲ್ಲೆಯಲ್ಲಿ ಮೊದಲಿನದು ತೊಂಬತ್ತರಷ್ಟು ಹಿಡಿದರೆ ಎರಡನೆಯದು ನಾನೂರರ ಹತ್ತಿರ. ಬಿಲ್ಲೆಯ ಮೇಲೆ ಅಲ್ಲಲ್ಲಿ 70 ಕಡೆ ದೋಷ ಬಿದ್ದಿದೆ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ದೋಷಕ್ಕೆ ಚಿಪ್ಪಿನ ಗಾತ್ರ ಗೊತ್ತಿಲ್ಲ, ಎಲ್ಲೆಂದರಲ್ಲಿ ಬೀಳುತ್ತದೆ. ಸಣ್ಣ ಚಿಪ್ಪುಗಳಲ್ಲಿ ನೂರಕ್ಕೆ 85 ಪಾರಾಗುತ್ತವೆ. ದೊಡ್ಡವುಗಳಲ್ಲಿ ಪಾರಾಗುವುದು 54ರ ಆಸುಪಾಸು. ಬಿಲ್ಲೆಯ ಖರ್ಚು ಎರಡಕ್ಕೂ ಒಂದೇ ಆದ್ದರಿಂದ ಗಾತ್ರ ನಾಲ್ಕು ಪಟ್ಟಾದರೆ ಒಳ್ಳೆಯ ಚಿಪ್ಪಿನ ಖರ್ಚು ಆರು ಪಟ್ಟು ದಾಟುತ್ತದೆ. ಏಟು ಬಿದ್ದವನ್ನೆಲ್ಲ ಎಸೆಯುವುದಿಲ್ಲ, ಕೆಟ್ಟ ಭಾಗವನ್ನು ಮುಚ್ಚಿ ಮಾರುತ್ತಾರೆ. 4090ರ ಚಿಪ್ಪಿನಲ್ಲಿ ಪೂರ್ತಿ 18,432 ಕೋರ್‌ಗಳಿಗೆ ಜಾಗವಿದೆ, ಮಾರಾಟವಾಗುವ ಕಾರ್ಡಿನಲ್ಲಿ ಕೆಲಸ ಮಾಡುವುದು 16,384 ಮಾತ್ರ. ಒಂದೂವರೆ ಲಕ್ಷದ ಕಾರ್ಡಿನಲ್ಲೂ ಮುಚ್ಚಿದ ಕೋಣೆಗಳಿವೆ ಎಂಬುದು ನನಗೆ ಒಂಥರಾ ಖುಷಿ ಕೊಡುವ ಸಂಗತಿ.

ಈಗ ಆ ಎರಡು ಕಾರ್ಡುಗಳನ್ನೇ ಪಕ್ಕಪಕ್ಕ ಇಡೋಣ. ಅಮೆರಿಕದ ಬಿಡುಗಡೆ ಬೆಲೆಯಲ್ಲಿ 4060ಕ್ಕೆ 299 ಡಾಲರ್, 4090ಕ್ಕೆ 1,599. ಬೆಲೆ 5.3 ಪಟ್ಟು. ಕೋರ್‌ಗಳು 3,072ರಿಂದ 16,384ಕ್ಕೆ, ಅದೂ 5.3 ಪಟ್ಟು. ಇಲ್ಲಿಯವರೆಗೆ ವ್ಯಾಪಾರ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಕೋರ್‌ಗಳಿಗೆ ದತ್ತಾಂಶ ಒದಗಿಸುವ ಮೆಮೊರಿಯ ವೇಗ ಸೆಕೆಂಡಿಗೆ 272 ಗಿಗಾಬೈಟಿನಿಂದ 1,008ಕ್ಕೆ ಏರಿದೆ, 3.7 ಪಟ್ಟು. ಮೆಮೊರಿಯ ಗಾತ್ರ 8ರಿಂದ 24 ಗಿಗಾಬೈಟಿಗೆ, ಮೂರೇ ಪಟ್ಟು. ಕೆಲಸಗಾರರ ಸಂಖ್ಯೆ ಬೆಳೆದಷ್ಟು ಸರಕು ಬರುವ ದಾರಿ ಅಗಲವಾಗಿಲ್ಲ. ಹಾಗಾಗಿ ಕೊಟ್ಟ 5.3 ಪಟ್ಟು ದುಡ್ಡಿಗೆ 5.3 ಪಟ್ಟು ವೇಗ ಸಿಗುವ ಕೆಲಸಗಳು ಬಹಳ ಕಡಿಮೆ. 5080ರಿಂದ 5090ಕ್ಕೆ ಹೋದರೂ ಇದೇ ಕತೆ. ಬೆಲೆ ಎರಡು ಪಟ್ಟು, ಕೋರ್ ಎರಡು ಪಟ್ಟು, 4ಕೆ ಆಟಗಳಲ್ಲಿ ಸಿಗುವ ವೇಗ ಒಂದೂವರೆ ಪಟ್ಟಿನ ಸುತ್ತಮುತ್ತ.

ಮದುವೆ ಸ್ಟುಡಿಯೋಗೆ ಬರೋಣ, ಏಕೆಂದರೆ ಈ ಭಾಗದಲ್ಲಿ ಕಾರ್ಡಿನಿಂದ ಅನ್ನ ದುಡಿಯುವವರು ಅವರೇ. 1967ರಲ್ಲಿ ಜೀನ್ ಆಮ್ಡಾಲ್ ಎಂಬ ಐಬಿಎಂ ಎಂಜಿನಿಯರ್ ಒಂದು ಸರಳ ಮಾತು ಹೇಳಿದರು: ಕೆಲಸದ ಯಾವ ಭಾಗಕ್ಕೆ ವೇಗ ಕೊಡುತ್ತೀರೋ ಆ ಭಾಗ ಒಟ್ಟು ಕೆಲಸದಲ್ಲಿ ಎಷ್ಟಿದೆ ಎಂಬುದೇ ಲಾಭದ ಮಿತಿ. ಎರಡು ದಿನದ ಮದುವೆಯೊಂದಕ್ಕೆ, ಆರತಕ್ಷತೆ ಮುಹೂರ್ತ ಸೇರಿ, ಸ್ಟುಡಿಯೋದಲ್ಲಿ 30 ಗಂಟೆ ಕೆಲಸ ಎಂದಿಟ್ಟುಕೊಳ್ಳಿ. ಕ್ಯಾಮೆರಾದ ಮೆಮೊರಿ ಕಾರ್ಡುಗಳಿಂದ ಕಾಪಿ ಮಾಡಿ, ನೋಡಿ, ಚೆನ್ನಾಗಿರುವುದನ್ನು ಆರಿಸುವುದಕ್ಕೆ 12 ಗಂಟೆ. ಕತ್ತರಿಸಿ ಹಾಡಿಗೆ ಕೂರಿಸುವುದಕ್ಕೆ 12. ಉಳಿದ ಆರರಲ್ಲಿ ಬಣ್ಣ ತಿದ್ದುವುದು, ಅಲುಗಾಟ ತೆಗೆಯುವುದು, ಕತ್ತಲ ಕಲ್ಯಾಣ ಮಂಟಪದ ಕಾಳು ಕಾಳು ಚಿತ್ರ ನಯಗೊಳಿಸುವುದು, ಎಕ್ಸ್‌ಪೋರ್ಟ್. ಅದರಲ್ಲಿ ನಿಜವಾಗಿ ಗ್ರಾಫಿಕ್ಸ್ ಕಾರ್ಡಿನ ಪಾಲು ನಾಲ್ಕು ಗಂಟೆ. ಹಳೇ ಕಾರ್ಡ್ ತೆಗೆದು ಮಧ್ಯಮ ದರ್ಜೆಯದನ್ನು ಹಾಕಿದಾಗ ಆ ಭಾಗ ನಾಲ್ಕು ಪಟ್ಟು ವೇಗವಾಯಿತು ಎಂದರೆ ನಾಲ್ಕು ಗಂಟೆ ಒಂದಾಗುತ್ತದೆ, ಒಟ್ಟು 27. ಅದರ ಬದಲು ಎಲ್ಲಕ್ಕಿಂತ ಮೇಲಿನದನ್ನು ಹಾಕಿ ಎಂಟು ಪಟ್ಟು ವೇಗ ಪಡೆದರೆ ಅರ್ಧ ಗಂಟೆ, ಒಟ್ಟು ಇಪ್ಪತ್ತಾರೂವರೆ. ಎರಡು ಕಾರ್ಡುಗಳ ನಡುವೆ ಒಂದು ಮದುವೆಗೆ ಉಳಿಯುವುದು ಅರ್ಧ ಗಂಟೆ. ನಿಮ್ಮ ಗಂಟೆಗಳು ಬೇರೆ ಇರಬಹುದು, ಕೂತು ಬರೆದು ನೋಡಿ; ವಧೂವರರ ಚಿಕ್ಕಪ್ಪನ ಫೋನಿಗೆ ಉತ್ತರಿಸುವ ಹೊತ್ತನ್ನೂ ಸೇರಿಸಿ.

ಎಕ್ಸ್‌ಪೋರ್ಟಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಿಡಿಯೋವನ್ನು ಬಿಚ್ಚುವ, ಮಡಚುವ ಕೆಲಸವನ್ನು ಆ ಸಾವಿರಾರು ಕೋರ್‌ಗಳು ಮಾಡುವುದಿಲ್ಲ. ಚಿಪ್ಪಿನ ಮೂಲೆಯಲ್ಲಿ ಅದಕ್ಕೆಂದೇ ಇರುವ ಪುಟ್ಟ ಸರ್ಕ್ಯೂಟ್ ಮಾಡುತ್ತದೆ. 4060ರಲ್ಲಿ ಮಡಚುವ ಅಂಥದ್ದು ಒಂದು, 4090ರಲ್ಲಿ ಎರಡು. ಕೋರ್ ಐದು ಪಟ್ಟಾದರೂ ಇದು ಎರಡೇ ಪಟ್ಟು. ಇನ್ನೂ ತಮಾಷೆಯ ವಿಷಯವೆಂದರೆ, ಈಚಿನ ಎಷ್ಟೋ ಕ್ಯಾಮೆರಾಗಳು ಬಣ್ಣದ ಮಾಹಿತಿ ಹೆಚ್ಚು ಉಳಿಸಿಕೊಳ್ಳುವ 4:2:2, 10 ಬಿಟ್ ಬಗೆಯಲ್ಲಿ ಚಿತ್ರೀಕರಿಸುತ್ತವೆ. ಆ ಬಗೆಯ ಫೈಲನ್ನು ಬಿಚ್ಚುವ ಸರ್ಕ್ಯೂಟ್ ಆರ್‌ಟಿಎಕ್ಸ್ 40 ಸಾಲಿನ ಯಾವ ಕಾರ್ಡಿನಲ್ಲೂ ಇರಲಿಲ್ಲ, 4090ರಲ್ಲೂ. 50ರ ಸಾಲಿನಲ್ಲಿ ಬಂತು. ಆದರೆ ಇಂಟೆಲ್‌ನ 11ನೇ ಪೀಳಿಗೆಯಿಂದೀಚೆಗಿನ ಪ್ರೊಸೆಸರುಗಳಲ್ಲಿ ಪುಕ್ಕಟೆ ಬರುವ ಒಳಗಿನ ಗ್ರಾಫಿಕ್ಸಿಗೆ ಅದು ಮೊದಲೇ ಗೊತ್ತಿತ್ತು. ಟೈಮ್‌ಲೈನ್ ತಡವರಿಸುತ್ತದೆ ಎಂದು ಒಂದೂವರೆ ಲಕ್ಷ ಸುರಿದು 4090 ಹಾಕಿಸಿದರೂ ತಡವರಿಕೆ ಹೋಗದಿದ್ದವರ ಕಷ್ಟಕ್ಕೆ ಇದೇ ಕಾರಣ. ಮದುವೆ ಸ್ಟುಡಿಯೋದವರು ನನ್ನನ್ನು ಕೇಳಿದರೆ, 12 ಅಥವಾ 16 ಗಿಗಾಬೈಟ್ ಮೆಮೊರಿಯ ಮಧ್ಯಮ ಕಾರ್ಡು, ಉಳಿದ ದುಡ್ಡಿಗೆ ವೇಗದ ಎಸ್‌ಎಸ್‌ಡಿ, ಬ್ಯಾಕಪ್‌ಗೆ ಎರಡು ದೊಡ್ಡ ಹಾರ್ಡ್ ಡಿಸ್ಕ್ ಎನ್ನುತ್ತೇನೆ. ಎಕ್ಸ್‌ಪೋರ್ಟ್ ಅರ್ಧ ಗಂಟೆ ತಡವಾದರೆ ಯಾರೂ ಬೈಯುವುದಿಲ್ಲ. ತಾಳಿ ಕಟ್ಟುವ ಫೈಲ್ ಕಳೆದುಹೋದರೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ.

ಮೂರು ಆಯಾಮದ ಚಿತ್ರ ಮಾಡುವವರ ಲೆಕ್ಕ ತಿರುವುಮುರುವು. ಕೆ.ಜಿ.ಎಫ್. ಚಿತ್ರದ ಎರಡು ಭಾಗಗಳು 2018 ಮತ್ತು 2022ರಲ್ಲಿ ಬಂದ ಮೇಲೆ ಇಲ್ಲಿನ ಸೈನೈಡ್ ದಿಬ್ಬಗಳನ್ನು ಇಡೀ ದೇಶ ನೋಡಿತು, ಗ್ರಾಫಿಕ್ಸ್ ಕಲಿಯಬೇಕೆಂಬ ಆಸೆಯೂ ಹುಡುಗರಲ್ಲಿ ಹುಟ್ಟಿತು. ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ದೃಶ್ಯವೊಂದನ್ನು ರೆಂಡರ್ ಮಾಡುವಾಗ ಲಕ್ಷಾಂತರ ಬೆಳಕಿನ ಕಿರಣಗಳನ್ನು ಒಂದೊಂದಾಗಿ ಹಿಂಬಾಲಿಸಬೇಕು. ಒಂದು ಕಿರಣಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಎಲ್ಲ ಕೋರ್‌ಗಳಿಗೂ ಕೈತುಂಬ ಕೆಲಸ. ಇಲ್ಲಿ ದೊಡ್ಡ ಕಾರ್ಡು ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. 5080ರ ಬದಲು 5090 ಹಾಕಿ ವಾರಕ್ಕೆ ಹತ್ತು ಗಂಟೆ ಉಳಿಸಿದರೆ ವರ್ಷಕ್ಕೆ 500 ಗಂಟೆ. ಗಂಟೆಗೆ 200 ರೂಪಾಯಿ ದುಡಿಯುವವರಿಗೆ ಹೆಚ್ಚು ಕೊಟ್ಟ ಲಕ್ಷ ಒಂದು ವರ್ಷದಲ್ಲಿ ವಾಪಸು. ಉಳಿದ ಆ ಗಂಟೆಗಳಿಗೆ ಬೇರೆ ಕೆಲಸ ಕೈಯಲ್ಲಿರಬೇಕು, ಅಷ್ಟೆ. ರೆಂಡರ್ ರಾತ್ರಿ ಮಲಗಿದಾಗ ಓಡುವುದಾದರೆ ಬೆಳಗಿನ ಮೂರಕ್ಕೆ ಮುಗಿದರೂ ಐದಕ್ಕೆ ಮುಗಿದರೂ ಎದ್ದು ನೋಡುವುದು ಏಳಕ್ಕೇ.

ಆಟದವರಿಗೆ ಚಿಕ್ಕ ಲೆಕ್ಕ ಸಾಕು. ಸೆಕೆಂಡಿಗೆ 60 ಚಿತ್ರವೆಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡ್. 120ಕ್ಕೆ ಏರಿಸಿದರೆ 8.3. 240ಕ್ಕೆ ಏರಿಸಿದರೆ 4.2. ಮೊದಲ ದುಪ್ಪಟ್ಟಿನಲ್ಲಿ 8 ಮಿಲಿಸೆಕೆಂಡ್ ಉಳಿಯಿತು, ಎರಡನೆಯದರಲ್ಲಿ 4. ಮುಂದಿನದರಲ್ಲಿ 2 ಉಳಿಯುತ್ತದೆ, ಅದಕ್ಕೆ ಬೀಳುವ ಖರ್ಚು ಮಾತ್ರ ದುಪ್ಪಟ್ಟಾಗುತ್ತಲೇ ಹೋಗುತ್ತದೆ. ಮೇಜಿನ ಮೇಲಿರುವುದು 60 ಹರ್ಟ್ಸ್‌ನ ಹಳೇ ಮಾನಿಟರ್ ಆದರೆ ಅದು ಸೆಕೆಂಡಿಗೆ 60 ಸಲಕ್ಕಿಂತ ಹೆಚ್ಚು ಚಿತ್ರ ಬದಲಿಸಲಾರದು, ಒಳಗೆ 200 ತಯಾರಾದರೂ. ಫುಲ್ ಎಚ್‌ಡಿಯಲ್ಲಿ ಆಡುವಾಗ ಬಹಳ ಸಲ ಮಿತಿ ಸಿಪಿಯುದ್ದಾಗಿರುತ್ತದೆ, ಕಾರ್ಡು ಅರ್ಧ ಹೊತ್ತು ಕಾಯುತ್ತಿರುತ್ತದೆ. 4ಕೆ ಮಾನಿಟರ್ ಇಲ್ಲದ ಮನೆಗೆ ಮೇಲಿನ ದರ್ಜೆಯ ಕಾರ್ಡ್ ಬೇಡ.

ಇನ್ನು ಎಐ. ಟಮಕದ ಕಡೆಯಿಂದ ಹಿಡಿದು ಕೆಜಿಎಫ್‌ವರೆಗೆ ಕಾಲೇಜು ಓದುವ ಮಕ್ಕಳು ಇದನ್ನು ಹೇಳಿಯೇ ಕಾರ್ಡ್ ಕೇಳುವುದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. 2012ರಲ್ಲಿ ಚಿತ್ರ ಗುರುತಿಸುವ ಅಲೆಕ್ಸ್‌ನೆಟ್ ಎಂಬ ಜಾಲ ಇಡೀ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಟೊರೊಂಟೊದಲ್ಲಿ ಅದಕ್ಕೆ ತರಬೇತಿ ಕೊಟ್ಟದ್ದು ಆಟಕ್ಕೆಂದು ಮಾರುತ್ತಿದ್ದ ಎರಡು ಜಿಟಿಎಕ್ಸ್ 580 ಕಾರ್ಡುಗಳ ಮೇಲೆ, ಒಂದೊಂದರಲ್ಲಿ 3 ಗಿಗಾಬೈಟ್ ಮೆಮೊರಿ. 12 ಲಕ್ಷ ಚಿತ್ರ, 6 ಕೋಟಿ ಅಂಕಿಗಳ ಜಾಲ, ಐದಾರು ದಿನ. ಇವತ್ತು 30 ಸಾವಿರದ ಕಾರ್ಡಿನಲ್ಲೂ ಅದಕ್ಕಿಂತ ಹೆಚ್ಚು ಶಕ್ತಿಯಿದೆ. ಕಲಿಯುವುದಕ್ಕೆ ದೊಡ್ಡ ಕಾರ್ಡು ಬೇಕೇಬೇಕು ಎನ್ನುವ ಮಾತಿನ ಸತ್ಯ ಅಷ್ಟು.

ಆದರೆ ಈಗಿನ ಭಾಷಾ ಮಾದರಿಗಳು ದೊಡ್ಡವು. 700 ಕೋಟಿ ಅಂಕಿಗಳ ಮಾದರಿಯೊಂದನ್ನು, ಅಂಕಿಗೆ ಎರಡು ಬೈಟಿನಂತೆ ಇಟ್ಟರೆ 14 ಗಿಗಾಬೈಟ್ ಜಾಗ ಬೇಕು. ಅಂಕಿಗಳನ್ನು 4 ಬಿಟ್‌ಗೆ ಒತ್ತಿ ಸಣ್ಣದು ಮಾಡಿದರೆ ಮೂರೂವರೆ, ಮೇಲಿನ ಖರ್ಚು ಸೇರಿ 4 ಎನ್ನಿ. ಉತ್ತರದ ಪ್ರತಿ ತುಂಡು ಹೊರಬರಲು ಆ 4 ಗಿಗಾಬೈಟನ್ನೂ ಒಮ್ಮೆ ಓದಬೇಕು. ಹಾಗಾಗಿ 4060ರ 272ನ್ನು 4ರಿಂದ ಭಾಗಿಸಿ: ಸೆಕೆಂಡಿಗೆ ಹೆಚ್ಚೆಂದರೆ 68 ತುಂಡು. 4090ಕ್ಕೆ 252. ಕನ್ನಡದ ಪದವೊಂದನ್ನು ಬಹಳಷ್ಟು ಮಾದರಿಗಳು ಹಲವು ತುಂಡುಗಳಾಗಿ ಒಡೆಯುತ್ತವೆ. ಪದಕ್ಕೆ ಆರು ತುಂಡು ಎಂದಿಟ್ಟುಕೊಂಡರೂ ಅಗ್ಗದ ಕಾರ್ಡ್ ಸೆಕೆಂಡಿಗೆ ಹನ್ನೊಂದು ಕನ್ನಡ ಪದ ಬರೆಯಬಲ್ಲದು. ಅದಕ್ಕಿಂತ ವೇಗವಾಗಿ ಯಾರೂ ಓದುವುದಿಲ್ಲ.

ವೇಗಕ್ಕಿಂತ ಇಲ್ಲಿ ಜಾಗದ ಮಾತು ಮುಖ್ಯ. ಮಾದರಿ ಕಾರ್ಡಿನ ಮೆಮೊರಿಯಲ್ಲಿ ಹಿಡಿಸಿದರೆ ಹಿಡಿಸಿತು. ಹಿಡಿಸದಿದ್ದರೆ ಉಳಿದದ್ದು ಕಂಪ್ಯೂಟರಿನ ಸಾಮಾನ್ಯ ಮೆಮೊರಿಗೆ ಹೋಗುತ್ತದೆ, ಅಲ್ಲಿಂದ ತರುವ ದಾರಿ ಸೆಕೆಂಡಿಗೆ ಸುಮಾರು 32 ಗಿಗಾಬೈಟ್. 4090ರ ಸಾವಿರದ ಪಕ್ಕದಲ್ಲಿ ಮೂವತ್ತೆರಡು. ವೇಗ ಇಳಿಯುವುದಿಲ್ಲ, ಬಿದ್ದೇ ಹೋಗುತ್ತದೆ. ಹಾಗಾಗಿ ಎಐಗೆ ಕಾರ್ಡ್ ಕೊಳ್ಳುವಾಗ ಹೆಸರಿನ ಮುಂದಿನ ಅಂಕಿ ಬಿಟ್ಟು ಗಿಗಾಬೈಟ್ ನೋಡಬೇಕು. 2025ರಲ್ಲಿ 429 ಡಾಲರಿಗೆ ಬಂದ 16 ಗಿಗಾಬೈಟಿನ 5060 ಟಿಐ, 549 ಡಾಲರಿನ 12 ಗಿಗಾಬೈಟಿನ 5070ಕ್ಕಿಂತ ಆಟದಲ್ಲಿ ನಿಧಾನ. ದೊಡ್ಡ ಮಾದರಿ ಹಿಡಿಸುವುದರಲ್ಲಿ ಮುಂದೆ. ಇನ್ನು 7,000 ಕೋಟಿ ಅಂಕಿಗಳ ಮಾದರಿಗೆ ಒತ್ತಿದರೂ 35 ಗಿಗಾಬೈಟ್ ಬೇಕು. 32 ಗಿಗಾಬೈಟಿನ 5090ಕ್ಕೂ ಅದು ದಕ್ಕುವುದಿಲ್ಲ. ಎರಡು ಲಕ್ಷ ಕೊಟ್ಟೂ ಹೊಸ್ತಿಲಲ್ಲೇ ನಿಲ್ಲುವ ಜಾಗ ಅದು.

ಕೊಳ್ಳದೆಯೂ ಕೆಲಸ ಮಾಡಬಹುದು. ಗೂಗಲ್ ಕೊಲಾಬ್ ಎಂಬ ಸೇವೆಯಲ್ಲಿ 16 ಗಿಗಾಬೈಟಿನ ಟಿ4 ಕಾರ್ಡು ಮಿತಿಯೊಳಗೆ ಉಚಿತವಾಗಿ ಸಿಗುತ್ತದೆ. ಕಾಗಲ್ ಎಂಬ ಇನ್ನೊಂದು ಸೇವೆಯಲ್ಲಿ ವಾರಕ್ಕೆ 30 ಗಂಟೆಯ ಆಸುಪಾಸು. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 10,372 ಕೋಟಿ ರೂಪಾಯಿಯ ಇಂಡಿಯಾಎಐ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. ಅದರಡಿ ದತ್ತಾಂಶ ಕೇಂದ್ರಗಳ ಭಾರೀ ಕಾರ್ಡುಗಳನ್ನು ಸಬ್ಸಿಡಿಯ ಮೇಲೆ ಗಂಟೆಗೆ 100 ರೂಪಾಯಿಗೂ ಕಡಿಮೆಗೆ ಕೊಡುವುದಾಗಿ ಪ್ರಕಟಿಸಿದೆ. ಗಂಟೆಗೆ ನೂರೇ ಎಂದು ಹಿಡಿದರೂ 2,14,000 ರೂಪಾಯಿಗೆ 2,140 ಗಂಟೆ. ದಿನಕ್ಕೆ ಎರಡು ಗಂಟೆ ಓಡಿಸುವ ವಿದ್ಯಾರ್ಥಿಗೆ ಅದು ಸುಮಾರು ಮೂರು ವರ್ಷ, ಅಷ್ಟರಲ್ಲಿ ಡಿಗ್ರಿ ಮುಗಿಯುವ ಹೊತ್ತು. ಬಾಡಿಗೆಗೆ ನೆಟ್ ಬೇಕು, ನೆಟ್ ಕೈಕೊಡುವ ಹಳ್ಳಿಗಳಿವೆ, ನಿಜ. ಕೋಡ್ ಕಳಿಸಲು ದೊಡ್ಡ ನೆಟ್ ಬೇಕಿಲ್ಲ. ದತ್ತಾಂಶವನ್ನು ಅಲ್ಲೇ ಇಳಿಸಿಕೊಳ್ಳಬಹುದು.

ಕೊಂಡೇ ಸಿದ್ಧ ಎನ್ನುವವರ ಮುಂದಿನ ಪ್ರಶ್ನೆ ಕರೆಂಟು. ಈ ಜಿಲ್ಲೆಗೂ ಕರೆಂಟಿಗೂ ಹಳೇ ನಂಟು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 147 ಕಿಲೋಮೀಟರ್ ದೂರದ ಚಿನ್ನದ ಗಣಿಗೆ ಬಂದಾಗ ಅದು ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಒಂದು. ಈಗ ಮನೆಯ ಮೀಟರಿಗೆ ಬರೋಣ. 4090 ಪೂರ್ತಿ ದುಡಿಯುವಾಗ 450 ವಾಟ್ ಎಳೆಯುತ್ತದೆ, 5090 ಆದರೆ 575. ಉಳಿದ ಕಂಪ್ಯೂಟರಿಗೆ 150 ಸೇರಿಸಿ 4090ಕ್ಕೆ 600 ವಾಟ್ ಎನ್ನೋಣ. ದಿನಕ್ಕೆ ಆರು ಗಂಟೆ ಓಡಿಸಿದರೆ 3.6 ಯೂನಿಟ್, ತಿಂಗಳಿಗೆ 108. ಯೂನಿಟ್ಟಿಗೆ ಆರು ರೂಪಾಯಿಯಂತೆ 650 ರೂಪಾಯಿ, ಅದೇನು ಮಹಾ ಅನ್ನಿಸಬಹುದು. ಗೃಹಜ್ಯೋತಿಯನ್ನು ಮರೆಯಬೇಡಿ. 2023ರಿಂದ ಇರುವ ಆ ಯೋಜನೆಯಲ್ಲಿ ಮನೆಯ ಹಳೇ ಸರಾಸರಿಗಿಂತ ತುಸು ಹೆಚ್ಚಿನವರೆಗೆ ಬಿಲ್ ಇಲ್ಲ, ಅದರ ಮೇಲಿನದಕ್ಕೆ ಕೊಡಬೇಕು, 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ತಿಂಗಳಿಗೆ 100 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುತ್ತಿದ್ದ ಮನೆಗೆ ಈ ಕಾರ್ಡ್ ಬಂದರೆ 208. ಮಗನ ಕಂಪ್ಯೂಟರಿನ ಜೊತೆಗೆ ಅಮ್ಮನ ಮಿಕ್ಸಿ, ಫ್ರಿಜ್ಜಿನ ಯೂನಿಟ್ಟಿಗೂ ದುಡ್ಡು ಕಟ್ಟಬೇಕಾಗುತ್ತದೆ.

ಒಳಗೆ ಹೋದ 600 ವಾಟೂ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯಲ್ಲಿರುವ ಗಾಳಿಯ ತೂಕ ಹೆಚ್ಚುಕಡಿಮೆ 36 ಕಿಲೋ. ಒಂದು ಕಿಲೋ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸಾವಿರ ಜೂಲ್ ಸಾಕು. 600 ವಾಟ್ ಒಂದು ನಿಮಿಷಕ್ಕೆ ಕೊಡುವುದು 36 ಸಾವಿರ ಜೂಲ್. ಬಾಗಿಲು ಕಿಟಕಿ ಮುಚ್ಚಿ, ಗೋಡೆ ಏನನ್ನೂ ಹೀರದಿದ್ದರೆ ಕೋಣೆ ನಿಮಿಷಕ್ಕೊಂದು ಡಿಗ್ರಿ ಏರುತ್ತದೆ. ಗೋಡೆ ಹೀರುತ್ತದೆ, ಪುಣ್ಯ. ಆದರೆ ಮುಳಬಾಗಿಲಿನ ಏಪ್ರಿಲ್ ಮಧ್ಯಾಹ್ನ, ಶೀಟಿನ ಮನೆಯ ಮಹಡಿ ಕೋಣೆಯಲ್ಲಿ ಗೋಡೆ ಬೆಳಗಿನಿಂದಲೇ ತುಂಬ ಹೀರಿ ಕೂತಿರುತ್ತದೆ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿನ ಗಾಳಿ ಕರಾವಳಿಗಿಂತ ಎಂಟೊಂಬತ್ತು ಶೇಕಡ ತೆಳು. ಅದೇ ವೇಗಕ್ಕೆ ತಿರುಗಿದ ಫ್ಯಾನ್ ಅಷ್ಟು ಕಡಿಮೆ ಬಿಸಿ ಹೊರತಳ್ಳುತ್ತದೆ. ಮಾಲೂರಿನಲ್ಲಿ ಇಟ್ಟಿಗೆ, ಹೆಂಚಿನ ಕಾರ್ಖಾನೆಗಳ ಮಗ್ಗುಲಿಗೆ ಮನೆಯಿದ್ದರೆ ಕೆಂಪು ಧೂಳು ಕಾರ್ಡಿನ ರೆಕ್ಕೆಗಳ ನಡುವೆ ಸೇರಿ ತಂಪಾಗುವುದನ್ನೇ ತಡೆಯುತ್ತದೆ. ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಆಗ ದುಬಾರಿ ಕಾರ್ಡು ಅಗ್ಗದ ಕಾರ್ಡಿನಂತೆಯೇ ನಡೆದುಕೊಳ್ಳುತ್ತದೆ.

ಇದಕ್ಕೊಂದು ಪುಕ್ಕಟೆ ಮದ್ದಿದೆ. ಚಿಪ್ಪು ಉಣ್ಣುವ ವಿದ್ಯುತ್ತು ಅದರ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣ. ಕೊನೆಯ ಚೂರು ವೇಗ ಹಿಂಡಲು ವೋಲ್ಟೇಜ್ ಏರಿಸಬೇಕು, ಅದರ ವರ್ಗದಷ್ಟು ಬಿಸಿ ಏರುತ್ತದೆ. ತಂತ್ರಾಂಶದಲ್ಲೇ ವಿದ್ಯುತ್ ಮಿತಿಯನ್ನು ಶೇಕಡ 70ಕ್ಕೆ ಇಳಿಸಿದರೆ 450 ವಾಟ್ 315 ಆಗುತ್ತದೆ, ಕಳೆದುಹೋಗುವ ವೇಗ ಕೆಲವೇ ಶೇಕಡ. ದೊಡ್ಡ ಕಾರ್ಡು ಕೊಂಡವರು ಮೊದಲ ದಿನವೇ ಮಾಡಬೇಕಾದ ಕೆಲಸ ಇದು ಎಂದು ನನ್ನ ಅಭಿಪ್ರಾಯ. ಕೊಟ್ಟ ದುಡ್ಡನ್ನು ಪೂರ್ತಿ ವಸೂಲು ಮಾಡಬೇಕು ಎಂಬ ಹಟದಿಂದ ಬಹಳ ಜನ ಮಾಡುವುದಿಲ್ಲ.

ಬೆಲೆ ಕರಗುವ ಲೆಕ್ಕವೂ ಇದೆ. 2022ರ ಮಾರ್ಚ್‌ನಲ್ಲಿ 1,999 ಡಾಲರಿಗೆ ಬಂದ 3090 ಟಿಐ ಆಗ ಎಲ್ಲಕ್ಕಿಂತ ಮೇಲಿನದು. 2023ರ ಜನವರಿಯಲ್ಲಿ 799 ಡಾಲರಿನ 4070 ಟಿಐ ಬಂದು ಆಟದಲ್ಲಿ ಅದರ ಸರಿಸಮ ನಿಂತಿತು. ಹತ್ತು ತಿಂಗಳಲ್ಲಿ ವೇಗದ ಬೆಲೆ ಅರ್ಧಕ್ಕೂ ಕೆಳಗೆ. ಆದರೆ ಹಳೆಯದರ 24 ಗಿಗಾಬೈಟ್ ಮೆಮೊರಿ ಹೊಸದರಲ್ಲಿ ಇರಲಿಲ್ಲ, 12 ಇತ್ತು. ಎಐ ಮಾಡುವವರು ಇವತ್ತಿಗೂ ಹಳೇ 3090ಗಳನ್ನು ಹುಡುಕಿಕೊಂಡು ಹೋಗುವುದು ಅದಕ್ಕೇ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇನ್ನೊಂದು ತಾರೀಖು ನೆನಪಿರಲಿ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಡಿಜಿಟಲ್ ನಾಣ್ಯ ತನ್ನ ವ್ಯವಸ್ಥೆ ಬದಲಿಸಿದಾಗ ಗ್ರಾಫಿಕ್ಸ್ ಕಾರ್ಡಿನಿಂದ ಆ ನಾಣ್ಯ ತೆಗೆಯುವ ದಂಧೆ ಒಂದೇ ದಿನಕ್ಕೆ ನಿಂತಿತು, ಹಗಲೂ ರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಸುರಿದವು. ಅಂಥದ್ದನ್ನು ಕೊಳ್ಳಲೇಬಾರದು ಎಂದೇನಿಲ್ಲ. ಕಣ್ಣೆದುರಿಗೆ ಅರ್ಧ ಗಂಟೆ ಪೂರ್ತಿ ಹೊರೆ ಹಾಕಿ ಓಡಿಸಲು ಕೇಳಿ. "ಅಣ್ಣಾ, ಸ್ವಲ್ಪ ಅರ್ಜೆಂಟಿದೆ, ಬೇಗ ಹೇಳಿ" ಎಂದು ಅಂಗಡಿಯವರು ಅವಸರ ಮಾಡಿದರೆ ಪಕ್ಕದ ಅಂಗಡಿಗೆ ನಡೆಯಿರಿ.

ತಂದ ಮೇಲೆ ವೈರಿಂಗ್. 4090ಕ್ಕೆ 850, 5090ಕ್ಕೆ 1,000 ವಾಟಿನ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಬೇಕೆಂದು ಕಂಪನಿಯೇ ಹೇಳುತ್ತದೆ. ಮಾಮೂಲಿ 600 ವಿಎ ಯುಪಿಎಸ್ ಈ ಹೊರೆ ಹೊರುವುದಿಲ್ಲ, ಕರೆಂಟ್ ಹೋದ ಕ್ಷಣವೇ ಕೂಗಿ ಕೈಚೆಲ್ಲುತ್ತದೆ. 4090ರ ಮೊದಲ ದಿನಗಳಲ್ಲಿ ಪೂರ್ತಿ ಒಳಗೆ ಕೂರದ ಪವರ್ ಕನೆಕ್ಟರ್ ಕರಗಿಹೋದ ಪ್ರಕರಣಗಳು ಜಗತ್ತಿನ ಹಲವು ಕಡೆ ಆದವು. ಒತ್ತಿ, ಮತ್ತೆ ಒತ್ತಿ ನೋಡಬೇಕು.

ಅರ್ಥಿಂಗನ್ನು ಯಾರೂ ಕೇಳುವುದಿಲ್ಲ. ಎಸ್‌ಎಂಪಿಎಸ್ ಒಳಗೆ ಗದ್ದಲ ಸೋಸಲು ಎರಡು ಸಣ್ಣ ಕೆಪಾಸಿಟರ್‌ಗಳು ಫೇಸ್ ಮತ್ತು ನ್ಯೂಟ್ರಲ್‌ನಿಂದ ಪೆಟ್ಟಿಗೆಯ ಲೋಹಕ್ಕೆ ಸೇರಿರುತ್ತವೆ. ಅರ್ಥ್ ಸರಿಯಿದ್ದರೆ ಸೋರಿದ ಚೂರು ಕರೆಂಟ್ ನೆಲಕ್ಕೆ ಇಳಿಯುತ್ತದೆ. ಅರ್ಥ್ ಇಲ್ಲದಿದ್ದರೆ ಪೆಟ್ಟಿಗೆ 230ರ ಅರ್ಧ, 115 ವೋಲ್ಟಿನ ಸುತ್ತ ತೂಗುತ್ತಿರುತ್ತದೆ. ಮುಟ್ಟಿದರೆ ಜುಂ ಎನ್ನುತ್ತದಲ್ಲ, ಅದು ಇದೇ. ಅಷ್ಟರಿಂದ ಮನುಷ್ಯನಿಗೆ ಸಾಮಾನ್ಯವಾಗಿ ಅಪಾಯವಿಲ್ಲ, ಅರ್ಥ್ ಇಲ್ಲದ ಮನೆಯಲ್ಲಿ ಬೇರೇನಾದರೂ ಕೆಟ್ಟರೆ ಇದೆ. ಇಲ್ಲಿನ ನೆಲ ಗ್ರಾನೈಟ್ ಬಂಡೆಯ ಮೇಲಿನ ತೆಳು ಮಣ್ಣು, ಒಣಗಿದರೆ ವಿದ್ಯುತ್ತಿಗೆ ದಾರಿ ಬಿಡುವುದಿಲ್ಲ. ಶ್ರೀನಿವಾಸಪುರದ ಮಾವಿನ ತೋಟದ ಮನೆಯಲ್ಲಿ ಮಳೆಗಾಲದಲ್ಲಿ ಸರಿಯಿದ್ದ ಅರ್ಥ್ ಮಾರ್ಚ್ ಹೊತ್ತಿಗೆ ಕೈಕೊಟ್ಟಿರಬಹುದು. ಗುಂಡಿಯಲ್ಲಿ ಇದ್ದಿಲು ಉಪ್ಪು ಎಷ್ಟಿದ್ದರೂ ತೇವವಿಲ್ಲದೆ ಅವು ಕೆಲಸ ಮಾಡುವುದಿಲ್ಲ. ಕಾರ್ಡ್ ಕೂರಿಸುವ ಮುನ್ನ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥ್ ಅಳೆಸಿ, ಬೇಸಿಗೆ ಮುಗಿಯುವವರೆಗೆ ವಾರಕ್ಕೊಮ್ಮೆ ಗುಂಡಿಗೆ ಎರಡು ಬಿಂದಿಗೆ ನೀರು ಹಾಕಿ.